ಮುರಗೆಪ್ಪ ಬಿಡದ ಬಟನ್

ಬೇಡಕಿಹಾಳದ ಕಾಳವ್ವ ಹನ್ನೆರಡು ಹಂಗಾಮು ಕಬ್ಬು ಕಡಿದವಳು. ಗಂಡ ಮುರಗೆಪ್ಪ ಆ ಕಬ್ಬನ್ನು ಟ್ರ್ಯಾಕ್ಟರಿನಲ್ಲಿ ಕಾರ್ಖಾನೆಗೆ ಸಾಗಿಸುತ್ತಿದ್ದ. ಇಬ್ಬರಿಗೂ ಮಾತು ಹೆಚ್ಚು, ಕೇಳುವ ರೂಢಿ ಕಡಿಮೆ.

೨೦೧೨ರ ಚಳಿಗಾಲ. ಕಬ್ಬಿನ ದರ ತೀರ್ಮಾನವಾಗುವ ಮೊದಲೇ ಮಾಲು ಸಾಗಿಸುವವರನ್ನು ರೈತ ಚಳವಳಿಗಾರರು ಹಿಡಿದು ಬಡಿಯುತ್ತಿದ್ದರು. ಟ್ರ್ಯಾಕ್ಟರುಗಳ ಮಾಲಕ ಶಾಂತಿನಾಥ ಕೊಲ್ಹಾಪುರದಿಂದ ಎರಡು ವಾಕಿಟಾಕಿ ತಂದ. ಒಂದು ಮುಂದೆ ಹೋಗುವ ಮುರಗೆಪ್ಪನಿಗೆ, ಇನ್ನೊಂದು ಅರ್ಧ ಕಿಲೋಮೀಟರ್ ಹಿಂದಿನ ಟ್ರ್ಯಾಕ್ಟರಿನಲ್ಲಿ ಕೂತ ಕಾಳವ್ವನಿಗೆ. ಬಟನ್ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಎರಡೂ ಒಟ್ಟಿಗೆ ಆಗದು.

"ಏನರ ಆಗ್ಲಿ, ಗಾಡಿ ಕೀಲಿ ಕೊಡಬ್ಯಾಡ" ಎಂದು ಶಾಂತಿನಾಥ ಮುರಗೆಪ್ಪನಿಗೆ ತಾಕೀತು ಮಾಡಿದ್ದ.

ಸದಲಗಾ ದಾಟಿದ ಮೇಲೆ, ಮಟಮಟ ಮಧ್ಯಾಹ್ನ, ಮುರಗೆಪ್ಪನ ದನಿ ಬಂತು: "ಮಂದಿ ಅಡ್ಡ ನಿಂತೈತಿ. ನೀವು ಅಲ್ಲೇ ನಿಂದರ್ರಿ."

ಆಮೇಲೆ ರಾಡಿನ ಏಟು ಕೇಳಿಸಿತು. ನೋವಿಗೆ ಅವನ ಮುಷ್ಟಿ ಬಿಗಿಯಿತು. ಒತ್ತಿದ ಬಟನ್ ಮುಷ್ಟಿಯೊಳಗೇ ಉಳಿಯಿತು.

"ಕೀಲಿ ತಾರಲೇ, ಮಾಲಕನ ನಾಯಿ!"

"ಕೊಡಂಗಿಲ್ಲ."

ಮತ್ತೊಂದು ಏಟು. ಇನ್ನೊಂದು.

"ಒಗೀರಿ ಆ ಕೀಲಿ! ಕೊಟ್ಟ ಬಿಡ್ರಿ!" ಕಾಳವ್ವ ತನ್ನ ಬಟನ್ ಒತ್ತಿ ಒತ್ತಿ ಕೂಗಿದಳು. ಅವಳ ಮಾತು ಅತ್ತ ಮುಟ್ಟಲೇ ಇಲ್ಲ.

ವಾಕಿಟಾಕಿಯನ್ನು ಚಾಲಕ ಅಮೋಲನ ಮಡಿಲಿಗೆ ಎಸೆದು, ಕಬ್ಬು ಕಡಿಯುವ ಕೊಯ್ತಾ ಹಿಡಿದು ಇಳಿದಳು.

"ಕಾಕು, ಹೋಗಬ್ಯಾಡ್ರಿ, ಕೊಂದ ಹಾಕ್ತಾರ!" ಅವಳನ್ನು ಮರಾಠಿ ರೂಢಿಯಲ್ಲಿ ಚಿಕ್ಕಮ್ಮನೆಂದು ಕರೆಯುವ ಅಮೋಲ ಕೂಗಿದ.

ಅವಳು ಓಡಿದಳು. ಮುರಗೆಪ್ಪ ಗಾಲಿಯ ಪಕ್ಕ ಬಿದ್ದಿದ್ದ. ಎಡಗಣ್ಣಿದ್ದಲ್ಲಿ ರಕ್ತವಿತ್ತು. ಒಬ್ಬ ಮತ್ತೆ ರಾಡು ಎತ್ತಿದ್ದ. ಕಬ್ಬಿನ ಬುಡಕ್ಕೆ ಬೀಸುವ ಹಾಗೆಯೇ ಅವಳು ಅವನ ಕೈಗೆ ಬೀಸಿದಳು. ಎರಡು ಬೆರಳು ಧೂಳಿಗೆ ಬಿದ್ದವು. ಉಳಿದವರು ಹಿಂದೆ ಸರಿದರು. ಗಂಡನ ಕಿಸೆಯಿಂದ ಕೀಲಿ ತೆಗೆದು ಅವರತ್ತ ಎಸೆದಳು: "ತಗೊಂಡ ಸುಡ್ರಿ."

ಅವರು ಟೈರು ಸೀಳಿ ಕಬ್ಬಿಗೆ ಬೆಂಕಿ ಇಟ್ಟರು. ಕಾಳವ್ವ ಗಂಡನನ್ನು ರಸ್ತೆಯಂಚಿಗೆ ಎಳೆದುಕೊಂಡು ಬಂದು, ವಾಕಿಟಾಕಿಯ ಮೇಲೆ ಬಿಗಿದಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೂಡಲೇ ಅದರೊಳಗಿಂದ ಅಮೋಲನ ಅಳು ಕೇಳಿಸಿತು: "ಕಾಕು, ಅದೀರಿ? ಕಾಕು!"

ಶಾಂತಿನಾಥ ಆಸ್ಪತ್ರೆಗೆ ಬಂದವನು ಮೊದಲು ಕೇಳಿದ್ದು ಟ್ರ್ಯಾಕ್ಟರಿನ ಸುದ್ದಿ. ಮುರಗೆಪ್ಪನ ಎಡಗಣ್ಣು ಹೋಯಿತು. ಬೆರಳು ಕಡಿದ ಕೇಸಿಗೆ ಕಾಳವ್ವ ನಾಲ್ಕು ವರ್ಷ ಚಿಕ್ಕೋಡಿಯ ಕೋರ್ಟಿಗೆ ಅಲೆದಳು.

ಊಟಕ್ಕೆ ಕೂತಾಗ ಆ ಮಾತು ಈಗಲೂ ಏಳುತ್ತದೆ.

"ಬಟನ್ ಬಿಟ್ಟಿದ್ರ ನನ್ನ ಮಾತ ಕೇಳ್ತಿತ್ತು. ಕಣ್ಣ ಉಳೀತಿತ್ತು."

"ಬಿಟ್ಟಿದ್ರ ಬಡಿಯೂದು ನಿನಗ ಹ್ಯಾಂಗ ಕೇಳ್ತಿತ್ತಲೇ? ನೀ ಬರ್ತಿದ್ದೇನು?"

"ಬಾಯಿ ಮುಚ್ಚಿ ಉಣ್ರಿ" ಎಂದು ಅವಳು ಖಾರದ ಬಟ್ಟಲನ್ನು ಅವನಿಗೆ ಕಾಣುವ ಬಲಕ್ಕೆ ಸರಿಸುತ್ತಾಳೆ.