ಅತ್ತಿಗೆಯ ಕಾರಿನ ಹಿಂದಿನ ಸೀಟು

ಅತ್ತಿಗೆ ಬಾಯಿಬಡುಕಿ. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಕಾರು ಓಡಿಸುವುದನ್ನು ಕಲಿಸುವುದು ಅವಳ ಕಸುಬು. ಅವಳ ಶಿಷ್ಯರು ಬೇಗ ಲೈಸೆನ್ಸ್ ಪಡೆಯುತ್ತಿದ್ದದ್ದು ಅವಳ ಬಾಯಿಂದ ಪಾರಾಗುವ ಆಸೆಗೆ. ಯಾರನ್ನು ಏನು ಕೇಳಿದರೂ ಉತ್ತರ ಅವಳದೇ. "ಹಸಿವಾಯ್ತಾ?" ಎಂದು ನೆಂಟರು ಅವಳ ಗಂಡನನ್ನು ಕೇಳಿದರೆ, "ಇಲ್ಲ, ಅವರಿಗೆ ಇನ್ನೂ ಆಗಿಲ್ಲ" ಎನ್ನುವವಳು.

ಮೈದುನ ಪುಸ್ತಕಗಳಿಗೆ ರಟ್ಟು ಹಾಕುವವನು. ಹೆಂಡತಿ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲೇ ಇದ್ದ. ಕರೆದರೆ ಊಟಕ್ಕೆ ಬರುವುದು, ಇಲ್ಲದಿದ್ದರೆ ಇಲ್ಲ. ಒಂದು ಬೆಳಿಗ್ಗೆ ತನ್ನ ಕೈಗೆ ಪಳಗಿದ ಸಲಕರಣೆಗಳನ್ನೆಲ್ಲ ಎದುರುಮನೆಗೆ ಕೊಟ್ಟು ಬಂದು, "ಇನ್ನು ನನಗ್ಯಾಕೆ?" ಎಂದ. ಅತ್ತಿಗೆಗೆ ಅವನೊಬ್ಬನನ್ನೇ ಮನೆಯಲ್ಲಿ ಬಿಟ್ಟುಹೋಗಲು ಧೈರ್ಯ ಸಾಲಲಿಲ್ಲ.

"ಏಳೋ, ಕಾರು ಹತ್ತು."

"ನಾನ್ಯಾಕೆ ಅತ್ತಿಗೆ?"

"ಹಿಂದ್ಗಡೆ ಭಾರ ಇಲ್ದಿದ್ರೆ ಗಾಡಿ ಕುಣಿಯತ್ತೆ."

ಅಂದಿನ ಶಿಷ್ಯೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಊರಿನ ಅರ್ಧ ಜನರನ್ನು ಬೆಂಚಿನ ಮೇಲೆ ನಿಲ್ಲಿಸಿದ ಹೆಂಗಸು, ಸ್ಟಿಯರಿಂಗ್ ಹಿಡಿದರೆ ಹಸುಗೂಸು. ನಾಲ್ಕು ರಸ್ತೆ ಸೇರುವ ವೃತ್ತದೊಳಗೆ ಹೇಗೋ ನುಗ್ಗಿದರು, ಹೊರಗೆ ಬರಲಾಗಲಿಲ್ಲ. ಬಸ್ಸು ಬಂದರೆ "ನೀವು ಹೋಗಿ", ಸೈಕಲ್ ಬಂದರೆ "ನೀವೂ ಹೋಗಿ". ಒಂದು ನಾಯಿಗೂ ತಲೆಬಾಗಿ ದಾರಿ ಕೊಟ್ಟರು. ಶಿಷ್ಯರ ಸ್ಟಿಯರಿಂಗಿಗೆ ಕೈಹಾಕಬಾರದೆಂಬುದು ಅತ್ತಿಗೆಯ ನಿಯಮ. ಬಾಯಿ ಹಾಕಲು ಅಡ್ಡಿಯಿರಲಿಲ್ಲ.

"ಎಡಕ್ಕೆ ಬನ್ರೀ ಮೇಡಂ!"

"ಬರ್ತೀನಿ ಕಣಮ್ಮ, ಆ ಲಾರಿಯವರು ಮೊದ್ಲು ಹೋಗ್ಲಿ!"

"ಅದು ಕೆಟ್ಟು ನಿಂತಿರೋ ಲಾರಿ! ಸಂಜೆಗೂ ಹೋಗಲ್ಲ!"

ಕಾರು ಗಿರಗಿರ ಸುತ್ತಿತು. ವೃತ್ತದ ನಡುವೆ ಗಿಡಗಳಿಗೆ ನೀರು ಹಾಕುತ್ತಿದ್ದ ಮಾಲಿ ಮೊದಲು ಬೆರಗಾದ, ಆಮೇಲೆ ಪ್ರತಿ ಸುತ್ತಿಗೂ ಕೈಬೀಸತೊಡಗಿದ. ಮೇಡಂ ಶಿಷ್ಟಾಚಾರ ತಪ್ಪದೆ ಪ್ರತಿ ಸಲವೂ "ನಮಸ್ಕಾರ" ಎಂದರು. ಹಿಂದಿನ ಸೀಟಿನಲ್ಲಿ ಕಿಸಕ್ಕೆಂದು ಸದ್ದಾಯಿತು. ಮೈದುನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ! ಅದು ಅತ್ತಿಗೆಗೆ ಅಂಟಿತು, ಮೇಡಂಗೂ ಅಂಟಿತು. ಮೂವರೂ ಬಿದ್ದು ಬಿದ್ದು ನಕ್ಕರು. ನಗುನಗುತ್ತಲೇ ಅವನ ದನಿ ಒಡೆಯಿತು.

"ನನ್ನ ತಲೇನೂ ಹಿಂಗೇ ಸುತ್ತತ್ತೆ ಅತ್ತಿಗೆ. ನಾನಿಲ್ದಿದ್ರೇ ಎಲ್ಲರಿಗೂ ಹಗುರ."

ಅತ್ತಿಗೆ ಪೂರ್ತಿ ಹಿಂದಕ್ಕೆ ತಿರುಗಿದಳು. "ಸಾಯೋ ಯೋಚನೆ ಬರ್ತಿದೆಯೇನೋ?"

"ಹೂಂ. ದಿನಾ."

"ಹೇಳಿದ್ದು ಒಳ್ಳೇದಾಯ್ತು. ಒಬ್ಬನೇ ಹೊತ್ಕೊಂಡು ತಿರುಗಬೇಡ. ಈಗ್ಲೇ ಡಾಕ್ಟ್ರ ಹತ್ರ ಹೋಗೋಣ, ನಾನಿರ್ತೀನಿ."

ಆಮೇಲೆ ಹೆಡ್‌ಮಿಸ್ಟ್ರೆಸ್ ಯಾರಿಗೂ ದಾರಿ ಬಿಡಲಿಲ್ಲ. ಬಸ್ಸಿನ ಮೂತಿಗೇ ಹಾರ್ನ್ ಹೊಡೆದು, ಆಸ್ಪತ್ರೆಯ ರಸ್ತೆಗೆ ಬಾಣದಂತೆ ನುಗ್ಗಿದರು.

"ಇಂಡಿಕೇಟರ್, ಮೇಡಂ!"

"ನೀನು ಸುಮ್ನಿರಮ್ಮ!"

ಡಾಕ್ಟರ ಕೋಣೆಯಲ್ಲಿ ಇಬ್ಬರು ಕೂರುವ ಬೆಂಚಿನ ಮೇಲೆ ಮೂವರು ಒತ್ತಿಕೊಂಡು ಕುಳಿತರು. ಡಾಕ್ಟರು ಮೈದುನನ ಕಡೆ ತಿರುಗಿ, "ಏನಾಗ್ತಿದೆ, ನೀವೇ ಹೇಳಿ" ಎಂದರು. ಅವನು ತನ್ನ ಬೆರಳುಗಳನ್ನೇ ನೋಡುತ್ತ ಕುಳಿತ. ಡಾಕ್ಟರ ಕಣ್ಣು ಅತ್ತಿಗೆಯತ್ತ ಹೊರಳಿತು. ಅವಳು ಕಿಟಕಿ ನೋಡಿದಳು. ಮೇಡಂಗೆ ತಡೆಯಲಾಗಲಿಲ್ಲ. ಗಂಟಲು ಸರಿಮಾಡಿಕೊಂಡು, "ಡಾಕ್ಟ್ರೇ, ಈ ಹುಡುಗನಿಗೆ..." ಎಂದು ಶುರುಮಾಡಿದರು.

ಅತ್ತಿಗೆ ತುಟಿ ಬಿಗಿದುಕೊಂಡು ಅವರ ಕಾಲನ್ನು ಗಟ್ಟಿಯಾಗಿ ತುಳಿದಳು. ಮೈದುನ ತಾನಾಗಿ ಬಾಯಿ ತೆರೆಯುವವರೆಗೂ ಕಾಲು ತೆಗೆಯಲಿಲ್ಲ.