ಲಿಂಗಮ್ಮ ಕೊಂಡ ವಾಚು

ನಮ್ಮ ಮಗುವಿಗೆ ನೀರು ಹಾಕಲು ಬರುವ ಲಿಂಗಮ್ಮ ಒಂದು ಬೆಳಿಗ್ಗೆ ಪಾಪುವನ್ನು ನೀಡಿದ ಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರು. ತಲೆ ಎತ್ತದೆಯೇ ಕೇಳಿದರು:

"ಚಿಕ್ಕಮ್ಮಾರೆ, ನಂಗೊಂದು ವಾಚು ಕೊಡ್ಸಕ್ಕೆ ಬತ್ತೀರಾ? ದುಡ್ಡು ನಂದೇಯ. ಆರ್ಸೋದು ಮಾತ್ರ ನೀವು."

"ಎಂಥ ವಾಚು?" ಎಂದೆ. ನನ್ನ ಕಣ್ಣು ಮಾತ್ರ ಪಾಪುವಿನ ಮೂಗಿನ ಮೇಲೆ. ಬೋರಲು ಮಲಗಿಸಿದಾಗ ಎಲ್ಲಿ ಉಸಿರು ಕಟ್ಟೀತೋ ಎಂದು ದಿನವೂ ಬಚ್ಚಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಕಾಯುತ್ತೇನೆ. ಮೈಸೂರಿನಲ್ಲಿ ಓದುವಾಗ ಪರೀಕ್ಷೆಯ ಫಲಿತಾಂಶಕ್ಕೂ ಇಷ್ಟು ಹೆದರಿದವಳಲ್ಲ.

"ಗೌಡ್ರ ಮನೆ ಹೆಂಗಸ್ರು ಮದ್ವೆಗೆ ಕಟ್ಕತಾರಲ್ಲ, ತೆಳ್ಳಗೆ, ಚಿನ್ನದಂಗೆ? ಅಂತಾದ್ದು. ನಾನು ದಿನಾ ಕಟ್ಕತೀನಿ."

ಚೊಂಬಿನಲ್ಲಿ ನೀರು ಹೊಯ್ಯಲು ಕಾದಿದ್ದ ನಮ್ಮತ್ತೆ ಸುಮಿತ್ರಮ್ಮ ನಕ್ಕುಬಿಟ್ಟರು. "ಯಾವ ಆಫೀಸಿಗೆ ಹೊಂಟಿದ್ದೀಯೇ ಲಿಂಗಿ?"

"ನಿಮ್ಮ ಬಚ್ಚಲೇ ನಂಗೆ ಆಫೀಸು ಕಣ್ರಮ್ಮ."

ನಗು ಅಲ್ಲಿಗೇ ನಿಂತಿತು. ಅವರು ಯಾಕೆ ಕೇಳುತ್ತಿದ್ದಾರೆಂದು ಅತ್ತೆಗೆ ಹೊಳೆದಿತ್ತು. ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ನಮ್ಮ ವನಗೂರಿನ ಸುತ್ತಮುತ್ತ ಹಸುಗೂಸಿಗೆ ನೀರು ಹಾಕುವುದೆಂದರೆ ಲಿಂಗಮ್ಮನೇ. ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿ, ದಾಸಯ್ಯನನ್ನು ಮದುವೆಯಾಗಿ, ಕಾಫಿ ಕುಯ್ಯುತ್ತಲೇ ತಮ್ಮ ಅತ್ತೆಯಿಂದ ಈ ಕೆಲಸ ಕಲಿತವರು. ನನ್ನ ಗಂಡ ನಟರಾಜ್‌ಗೂ ಅವರೇ ನೀರು ಹಾಕಿದ್ದಂತೆ. "ಇವನ ತಲೆ ಹಲಸಿನಕಾಯಂಗೆ ಸೊಟ್ಟಗಿತ್ತು, ನಾನೇ ತಿದ್ದಿದ್ದು" ಎಂದು ಇವತ್ತಿಗೂ ಅವನ ಮುಂದೆಯೇ ಹೇಳುತ್ತಾರೆ. ಎಣ್ಣೆ, ಬಿಸಿನೀರು, ಕೊನೆಗೆ ಸಾಂಬ್ರಾಣಿ ಹೊಗೆ. ಎಷ್ಟೇ ಕಿರುಚುವ ಕೂಸಾದರೂ ಅವರ ಕಾಲ ಮೇಲೆ ಸ್ವಲ್ಪ ಹೊತ್ತಿಗೆ ತೂಕಡಿಸತೊಡಗುತ್ತದೆ.

ಹೋದ ಮಳೆಗಾಲದಲ್ಲಿ ದಾಸಯ್ಯ ಜ್ವರ ಬಂದು ತೀರಿಕೊಂಡ. ತಿಥಿಯ ದಿನ ನೆಂಟರ ಹೆಂಗಸರು ಲಿಂಗಮ್ಮನ ಬಳೆ ತೆಗೆದರು. ಅಲ್ಲಿಂದಾಚೆಗೆ ಒಂದೊಂದೇ ಮನೆಯವರು ಕರೆಯುವುದು ಬಿಟ್ಟರು. ಮುಖಕ್ಕೆ ಹೇಳಿದವರು ಯಾರೂ ಇಲ್ಲ. ಒಬ್ಬರು "ಸೊಸೆ ತೌರಿಗೆ ಹೋಗವ್ಳೆ" ಅಂದರು. ಇನ್ನೊಬ್ಬರು ಮಗುವಿನ ಬಟ್ಟೆ ಒಗೆಯಲು ಮಾತ್ರ ಕರೆದರು. ಬಳೆಯಿಲ್ಲದ ಬರಿಗೈ ಹಸುಗೂಸಿನ ಮೈಗೆ ತಾಕಬಾರದು ಎಂಬುದು ಈ ಕಡೆಯ ನಂಬಿಕೆ. ನಮ್ಮ ಮನೆ ಮಾತ್ರ ಬಿಟ್ಟಿರಲಿಲ್ಲ. ಅದಕ್ಕೂ ಈಗ ಕುತ್ತು ಬಂದಿತ್ತು. ಪಾಪುವಿನ ತೊಟ್ಟಿಲ ಶಾಸ್ತ್ರ ಹತ್ತಿರವಾಗಿತ್ತು. ನಮ್ಮ ಮಾವನ ಅಕ್ಕ, ಆಲೂರಿನ ದೊಡ್ಡತ್ತೆ, ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದರು: "ಅವತ್ತು ಆ ಬರಿಗೈಯವಳ ಕೈಲಿ ಕೂಸಿಗೆ ನೀರು ಹಾಕ್ಸಿದ್ರೆ ನಾನು ಬರಾಕಿಲ್ಲ ಕಣೆ ಸುಮಿತ್ರ." ಅತ್ತೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಫೋನು ಲೌಡ್‌ಸ್ಪೀಕರಿನಲ್ಲಿತ್ತು. ಲಿಂಗಮ್ಮ ಅಲ್ಲೇ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದರು.

"ಬಳೆಯನ್ನೇ ಹಾಕಿಕೊಳ್ಳಿ ಲಿಂಗಮ್ಮ. ಈ ಕಾಲದಲ್ಲಿ ಯಾರು ಏನಂತಾರೆ?" ಎಂದೆ.

"ನೀವು ಓದಿದೋರು ಹಾಕ್ಕಂಡ್ರೆ ಸ್ಟೈಲು. ನಾನು ಹಾಕ್ಕಂಡ್ರೆ ಲೈನೆಲ್ಲಾ ಗುಲ್ಲು. ವಾಚ್‌ಗಾದ್ರೆ ಯಾವ ಶಾಸ್ತ್ರಾನೂ ಇಲ್ಲ, ನೋಡಿ."

"ಹಾಗಾದ್ರೆ ಸಾದಾ ವಾಚು ಸಾಕಲ್ಲ?"

"ಪ್ಲಾಸ್ಟಿಕ್ಕಿನದು ಕಟ್ಟಿದ್ರೆ ಟೈಮ್ ನೋಡಕ್ಕೆ ಕಟ್ಟವ್ಳೆ ಅಂತಾರೆ. ನೋಡಿದ್ರೆ ಒಡವೆಯಂಗಿರಬೇಕು. ಒಡವೆ ಅಂತ ಯಾರೂ ಕರಿಯಂಗಿರಬಾರದು."

ವಾಚು ಕೊಳ್ಳಲು ಹಾಸನಕ್ಕೆ ಹೊರಟೆವು. ತಮ್ಮ ಮನೆಯ ಹಿಂದಿನ ಸಿಲ್ವರ್ ಓಕ್ ಮರಗಳಿಗೆ ಲಿಂಗಮ್ಮ ಹಬ್ಬಿಸಿದ್ದ ಮೆಣಸು ಈ ವರ್ಷ ಕೈ ಹಿಡಿದಿತ್ತು. ಆ ಹಣವನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಜೀಪ್ ಹತ್ತಿದರು. ಪಾಪುವನ್ನು ಅತ್ತೆಯ ಬಳಿ ಬಿಟ್ಟು ಹಾಸನದವರೆಗೆ ಹೋಗುವುದೆಂದರೆ ನನಗೆ ಜೀವ ಹೋಗಿ ಬಂದ ಹಾಗೆ. ಇಳಿಜಾರಿನ ಪ್ರತಿ ತಿರುವಿನಲ್ಲೂ ಮನೆಗೆ ಫೋನು ಹಚ್ಚಿದೆ. ಅರ್ಧ ದಾರಿಯಲ್ಲಿ ನೆಟ್‌ವರ್ಕ್ ಇಲ್ಲ.

"ಕೂಸು ಮಲಗಿರತದೆ ಕಣ್ರವ್ವ. ನೀವು ಹಿಂಗೆ ಫೋನ್ ಮಾಡಿ ಮಾಡಿ ಎಬ್ಬುಸ್ಬುಡ್ತೀರ" ಎಂದರು ಲಿಂಗಮ್ಮ. ಜೀಪ್ ಓಡಿಸುತ್ತಿದ್ದ ನಟರಾಜ್ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ. ನನಗೆ ನಗು ಬರಲಿಲ್ಲ.

ಅಂಗಡಿಯಲ್ಲಿ ಒಳ್ಳೆಯ ವಾಚುಗಳು ಬೀಗ ಹಾಕಿದ ಗಾಜಿನ ಪೆಟ್ಟಿಗೆಯಲ್ಲಿದ್ದವು. ಅಂಗಡಿಯವನು ಮೊದಲು ನನ್ನ ಕೈ ನೋಡಿದ, ಆಮೇಲೆ ಲಿಂಗಮ್ಮನ ಕಾಲಿನ ಹವಾಯಿ ಚಪ್ಪಲಿ ನೋಡಿದ. ಲಿಂಗಮ್ಮ ಸೆರಗಿನ ಗಂಟನ್ನು ಗಾಜಿನ ಮೇಲೆ ಇಟ್ಟರು. ಅವನು ಬೀಗ ತೆಗೆದ.

ನನ್ನ ಲೆಕ್ಕವೇ ಬೇರೆ. ಮಗುವಿನ ಕತ್ತಿಗೆ ಆಸರೆ ಕೊಡುವುದು ಎಡಗೈ. ವಾಚು ಕಟ್ಟುವುದೂ ಎಡಗೈಗೇ. ಕೊಂಡಿಕೊಂಡಿಯ ಚೈನು ಕೂದಲನ್ನು ಕಚ್ಚೀತು. ಬಲೆಯಂಥ ಪಟ್ಟಿಯ ಸಂದಿಯಲ್ಲಿ ಎಣ್ಣೆ ಕೂತು ಕೊಳೆ ಕಟ್ಟೀತು. ಒಂದೊಂದನ್ನೂ ತೆಗೆದು, ಅದರ ಅಂಚನ್ನು ನನ್ನ ಕೆನ್ನೆಗೆ ಉಜ್ಜಿ ನೋಡಿದೆ.

"ಮೇಡಂ, ಅದನ್ನ ಕೈಗೆ ಕಟ್ಟೋದು" ಎಂದ ಅಂಗಡಿಯವನು.

ನೀರಿಗೆ ಹೆದರದ, ರಬ್ಬರ್ ಪಟ್ಟಿಯ ಒಂದನ್ನು ನಾನು ಮುಂದಿಟ್ಟೆ. ಲಿಂಗಮ್ಮ ಅದನ್ನು ಬೆರಳ ತುದಿಯಿಂದ ಆಚೆ ತಳ್ಳಿದರು. "ಇದ ಕಟ್ಕಂಡ್ರೆ ಎಸ್ಟೇಟ್ ರೈಟರ್ ಥರ ಕಾಣ್ತೀನಿ. ಹಾಜರಿ ಕೂಗೋದೊಂದು ಬಾಕಿ."

ಕೊನೆಗೆ ಅವರ ಕಣ್ಣು ನಿಂತದ್ದು ಒಂದು ತೆಳ್ಳನೆಯ ವಾಚಿನ ಮೇಲೆ. ಬಂಗಾರದ ಬಣ್ಣ, ಬಿಳಿ ಮುಖ, ಅಂಕಿಗಳ ಬದಲು ಬರಿಯ ಗೆರೆಗಳು, ಕಂದು ಚರ್ಮದ ಮೆತ್ತನೆಯ ಪಟ್ಟಿ. ಅಂಚು ನುಣುಪಾಗಿತ್ತು. ಪಕ್ಕದ ಗುಂಡಿ ಮಾತ್ರ ಕೊಂಚ ಹೊರಗೆ ಚಾಚಿತ್ತು.

"ಇದು ಡ್ರೆಸ್ ವಾಚ್ ಅಮ್ಮ, ಫಂಕ್ಷನ್‌ಗೆ ಹಾಕೋದು. ನೀರು ತಾಗಿಸ್ಬಾರದು" ಎಂದ ಅವನು.

"ನನ್ ಕೆಲ್ಸಾನೇ ನೀರು ಕಣಪ್ಪ. ಕಟ್ಟು."

ಬೇಡವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಲಿಂಗಮ್ಮ ಮುಂಗೈಯನ್ನು ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿ ನೋಡುತ್ತಿದ್ದರು. ರಬ್ಬರ್ ಪಟ್ಟಿಯದನ್ನು ನಾನು ಅಂಗಡಿಯವನ ಕಡೆ ಸರಿಸಿದೆ.

ಮರುದಿನದಿಂದ ನನ್ನ ಕಣ್ಣು ಪಾಪುವಿನ ಮೂಗನ್ನು ಬಿಟ್ಟು ಆ ವಾಚಿನ ಮೇಲೆ ಕೂತಿತು. ನೀರು ಹಾಕುವಾಗ ಅವರು ಅದನ್ನು ಮೊಣಕೈಯತ್ತ ಮೇಲಕ್ಕೆ ಸರಿಸಿಕೊಳ್ಳುತ್ತಿದ್ದರು. ಅದು ಎಣ್ಣೆಗೆ ಜಾರಿ ಮತ್ತೆ ಕೆಳಗಿಳಿಯುತ್ತಿತ್ತು. ಗಾಜಿನೊಳಗೆ ಹಬೆ ಕಟ್ಟಿತು. ಚರ್ಮದ ಪಟ್ಟಿ ನೆನೆದು ನೆನೆದು ಸಡಿಲವಾಯಿತು. "ಬಿಚ್ಚಿಟ್ಟು ಬನ್ನಿ" ಎಂದು ಹೇಳಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದೆ. ಹೇಳಿದರೆ ಬರಿಗೈ ಎಂದು ನಾನೂ ನೆನಪಿಸಿದ ಹಾಗಾಗುತ್ತದೆಂದು ಸುಮ್ಮನಾಗುತ್ತಿದ್ದೆ. ವಾಚಿನ ಸುದ್ದಿ ಆಲೂರಿಗೂ ಮುಟ್ಟಿರಬೇಕು. ದೊಡ್ಡತ್ತೆ ಮತ್ತೆ ಫೋನು ಮಾಡಿ, "ಸರಿ, ಬತ್ತೀನಿ" ಎಂದಷ್ಟೇ ಹೇಳಿ ಇಟ್ಟರು.

ಶಾಸ್ತ್ರದ ದಿನ ಬೆಳಿಗ್ಗೆ ದೊಡ್ಡತ್ತೆ ಜೀಪಿನಿಂದ ಇಳಿದವರೇ ಸೀದಾ ಬಚ್ಚಲಿಗೆ ಬಂದರು. ಲಿಂಗಮ್ಮ ಆಗಲೇ ಮಣೆಯ ಮೇಲೆ ಕಾಲು ನೀಡಿ ಕೂತಿದ್ದರು.

"ಓಹೋ, ನಮ್ ಲಿಂಗಿ ಮೇಡಂ ಆಗ್ಬುಟ್ಟವ್ಳೆ! ಎಷ್ಟು ಗಂಟೆ ಆಯ್ತು ಹೇಳೇ, ಮುಹೂರ್ತ ಮೀರ್ತೇನೋ."

"ನೀವು ಬಂದ್ರಲ್ಲ ಅಮ್ಮಾರೆ, ಇನ್ನು ಮುಹೂರ್ತಾನೇ ಕಾಯ್ಕಂಡು ಕೂರ್ತದೆ."

ದೊಡ್ಡತ್ತೆ ಮುಸಿಮುಸಿ ನಕ್ಕರು. ಲಿಂಗಮ್ಮನ ಎಡಗೈಯನ್ನು ಒಂದು ಗಳಿಗೆ ನೋಡಿ, "ಹೋಗ್ಲಿ ಬುಡು, ಕೈ ತುಂಬಿದಂಗಂತೂ ಐತೆ" ಎಂದು ಸೆರಗು ಸಿಕ್ಕಿಸಿ ಚೊಂಬು ಕೈಗೆ ತೆಗೆದುಕೊಂಡರು. ನೀರು ಹೊಯ್ಯುವವರೊಬ್ಬರು, ಮೈ ತಿಕ್ಕುವವರೊಬ್ಬರು. ಶಾಸ್ತ್ರದ ದಿನ ಹೊಯ್ಯುವುದು ಮನೆಯ ಹಿರಿಯಳ ಹಕ್ಕು. ನಮ್ಮತ್ತೆ ದೊಡ್ಡ ಉಸಿರು ಬಿಟ್ಟರು. ವಾಚು ಕೆಲಸ ಮಾಡಿತ್ತು.

ಪಾಪು ಮೊದಲು ಸುಮ್ಮನಿತ್ತು. ಅಂಗಾತ ತಿರುಗಿಸಿ ತಲೆಗೆ ನೀರು ಬೀಳುವಾಗ ನೆನೆದ ಪಟ್ಟಿ ಮಣಿಕಟ್ಟಿನಲ್ಲಿ ಸುತ್ತಿ, ವಾಚು ಅಂಗೈಯ ಕಡೆಗೆ ಬಂತು. ನಾನು ಕಂಡೆ. ಕೂಗುವಷ್ಟರಲ್ಲಿ ಪಾಪು ಕಿಟಾರನೆ ಕಿರುಚಿತು. ಕಿವಿಯ ಹಿಂದೆ, ಆ ಗುಂಡಿ ಒತ್ತಿದ ಕಡೆ, ಕೆಂಪಗೆ ಒಂದು ಗೆರೆ. ಅದರ ತುದಿಯಲ್ಲಿ ರಕ್ತದ ಹನಿ.

"ತೆಗೀರಿ ಅದನ್ನ!" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ವಾಚು ತೆಗೀರಿ ಲಿಂಗಮ್ಮ, ಬರಿಗೈಲೇ ಹಾಕಿ!"

"ತೆಗೆದ್ರೆ ನಾನು ನೀರು ಹುಯ್ಯಾಕಿಲ್ಲ" ಎಂದರು ದೊಡ್ಡತ್ತೆ. "ಒಳ್ಳೆ ದಿನ. ಕೂಸನ್ನ ಬೇರೆ ಯಾರ ಕೈಗಾದ್ರೂ ಕೊಡು."

ಬೇರೆ ಯಾರ ಕೈಗೆ? ಎಣ್ಣೆ ಜಾರುವ ಆ ಪುಟ್ಟ ಮೈಯನ್ನು ಹಿಡಿಯುವುದು ನನಗೆ ಬರುತ್ತಿರಲಿಲ್ಲ. ಅತ್ತೆಯ ಕಡೆ ನೋಡಿದೆ. ಅವರು ಹಂಡೆಯ ಕಡೆ ನೋಡುತ್ತಿದ್ದರು. ಪಾಪು ಅಳುತ್ತಲೇ ಇತ್ತು. ನಾನು ಮುಂದೆ ಬಗ್ಗಿ ವಾಚಿನ ಬಕಲ್‌ಗೆ ಕೈ ಹಾಕಿದೆ.

"ಮುಟ್ಬೇಡಿ," ಎಂದರು ಲಿಂಗಮ್ಮ.

ನಾನು ಕೈ ಹಿಂದೆಗೆದುಕೊಂಡೆ.

"ಅವತ್ತು ಬಳೆ ತೆಗ್ದೋರು ಯಾರ್ಯಾರೋ. ತೆಗೀಲಾ ಅಂತ ನನ್ನ ಒಂದು ಮಾತು ಕೇಳ್ಲಿಲ್ಲ. ಇದನ್ನ ನಾನೇ ತಗೀತೀನಿ."

ಪಾಪುವಿನ ಕತ್ತನ್ನು ಬಲಗೈಗೆ ಬದಲಾಯಿಸಿಕೊಂಡರು. ಎಡಗೈಯನ್ನು ಬಾಯಿಗೆ ತಂದು ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು. ನೆನೆದ ಚರ್ಮ ಬೇಗ ಬಿಡಲಿಲ್ಲ. ಬಿಟ್ಟಾಗ ವಾಚು ಬಚ್ಚಲ ಕಲ್ಲಿನ ಮೇಲೆ ಬಿದ್ದು ನೀರಿನ ಜೊತೆ ಮೋರಿಯ ಕಡೆ ಜಾರಿತು. ನಾನು ಅದನ್ನು ಹಿಡಿದುಕೊಂಡೆ.

ದೊಡ್ಡತ್ತೆ ಚೊಂಬನ್ನು ಕೆಳಗಿಟ್ಟು ಹೊರಗೆ ನಡೆದರು.

ಲಿಂಗಮ್ಮನ ಎರಡೂ ಬರಿಗೈಗಳ ನಡುವೆ ಪಾಪು ಬಿಕ್ಕುತ್ತಿತ್ತು. ಅವರು ಹೆಬ್ಬೆರಳಿನಿಂದ ಕಿವಿಯ ಹಿಂದೆ ಮೆತ್ತಗೆ ಒತ್ತಿ ಹಿಡಿದರು. ಆಮೇಲೆ ಅತ್ತೆಯನ್ನು ನೇರವಾಗಿ ನೋಡಿದರು. "ಏನು ನೋಡ್ತಾ ನಿಂತ್ರಿ ಅಮ್ಮಾರೆ? ಕೂಸಿನ ಮೈ ಆರ್ತಾ ಐತೆ. ಹುಯ್ತೀರೋ, ಇಲ್ಲ ನಾನು ಎದ್ದು ಹೋಗ್ಲೋ?"

ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿದರು. ಹೊರಗೆ ದೊಡ್ಡತ್ತೆ ನಟರಾಜನನ್ನು ಕರೆದು ಜೀಪ್ ತೆಗೆಯಲು ಹೇಳುತ್ತಿದ್ದುದು ಕೇಳುತ್ತಿತ್ತು. ಅತ್ತೆ ಬಗ್ಗಿ ಚೊಂಬು ಎತ್ತಿಕೊಂಡರು. ಹಂಡೆಯಲ್ಲಿ ಅದ್ದಿ ಹೊಯ್ದರು.

"ಇನ್ನೊಂಚೂರು ಬಿಸಿ ಇರ್ಲಿ," ಎಂದರು ಲಿಂಗಮ್ಮ.

ದೊಡ್ಡತ್ತೆ ಊಟಕ್ಕೂ ನಿಲ್ಲದೆ ಹೋದರು. ಇನ್ನೂ ಫೋನು ಮಾಡಿಲ್ಲ. ಪಾಪುವನ್ನು ತೊಟ್ಟಿಲಿಗೆ ಹಾಕಿದ್ದು ಲಿಂಗಮ್ಮನೇ. ಬಿಟ್ಟಿದ್ದ ಮನೆಗಳಲ್ಲಿ ಪಾಳ್ಯದ ಕಡೆಯ ಒಂದು ಮನೆಯವರು ಮತ್ತೆ ಕರೆದಿದ್ದಾರೆ. ಉಳಿದವರು ಕರೆದಿಲ್ಲ, ಕರೆಯುತ್ತಾರೆಂದು ನನಗೆ ನಂಬಿಕೆಯೂ ಇಲ್ಲ. ವಾಚನ್ನು ಹಾಸನದಲ್ಲಿ ರಿಪೇರಿ ಮಾಡಿಸಿಕೊಂಡು ಬಂದ ಲಿಂಗಮ್ಮ ಅದನ್ನು ದಿನವೂ ಕಟ್ಟುತ್ತಾರೆ. ನಮ್ಮ ಬಚ್ಚಲ ಬಾಗಿಲಿಗೆ ಬಂದಾಗ ನಿಂತು, ತಾವೇ ಬಿಚ್ಚಿ, ಕಿಟಕಿಯ ಮೇಲೆ ಇಟ್ಟು ಒಳಗೆ ಬರುತ್ತಾರೆ.

"ಪಟ್ಟಿಗೆ ಬೂಷ್ಟು ಹಿಡಿತಾ ಐತಲ್ಲೇ ಲಿಂಗಿ, ಬಿಸಿಲಲ್ಲಿ ಇಡೇ" ಎಂದರು ಅತ್ತೆ ಮೊನ್ನೆ.

"ಹಿಡಿದ್ರೆ ಹಿಡೀಲಿ ಬುಡಿ. ಮುಂದಿನ ಮೆಣಸಿಗೆ ಇನ್ನೊಂದು ಪಟ್ಟಿ ಹಾಕ್ಸತೀನಿ. ಈ ಸಲ ಕೆಂಪುದು."