ಕಾಯಿ ಬೀಳುವ ಜಾಗ

ಜೂನ್ ಹನ್ನೆರಡು, ಬೆಳಿಗ್ಗೆ ಆರೂ ಕಾಲು. ಹೊಸದಾಗಿ ಕಲಿಸಲು ಸೇರಿರುವ ಶಾಲೆಯ ಸುರಕ್ಷತಾ ಯೋಜನೆ ಬರೆಯಲು ಕೂತಿದ್ದೇನೆ. ‘ತುರ್ತು ಸಮಯದಲ್ಲಿ ಮಕ್ಕಳು ಸೇರುವ ಜಾಗ’ ಎಂಬ ಕಾಲಂ ಕಂಡೊಡನೆ ಕೈ ನಿಂತಿತು. ಪುಟ್ಟಮ್ಮಕ್ಕ ನೆನಪಾದರು.

ಮಾಯಸಂದ್ರದ ಹತ್ತಿರದ ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವರು ಅವರು. ನಾನಾಗ ಏಳನೇ ತರಗತಿ. ಮಳೆ ಬಂದ ದಿನ, ಅವರ ಸಾರಿಗೆ ಉಪ್ಪು ಹೆಚ್ಚಾದ ದಿನ, ಎಲ್ಲವನ್ನೂ ಬರೆದಿಡುವ ಹುಡುಗಿ. (ಉಪ್ಪು ಹೆಚ್ಚಾದದ್ದು ಇಡೀ ವರ್ಷದಲ್ಲಿ ಮೂರೇ ಸಲ. ಸುಳ್ಳು ಹೇಳಬಾರದು.)

ಬೆಂಕಿ ಬಿದ್ದರೆ ಹೊರಗೋಡುವ ಅಭ್ಯಾಸವನ್ನು ಹೆಡ್‌ಮೇಷ್ಟ್ರು ಮೊದಲ ಸಲ ಮಾಡಿಸಿದಾಗ ತಲೆ ಎಣಿಸುವ ಕೆಲಸ ನನಗೇ ಬಂತು. ಗಂಟೆ ಬಾರಿಸಿದರು. ನಲವತ್ತೊಂದು ಮಕ್ಕಳು ಓಡಿಬಂದು, ಅಂಗಳದಲ್ಲಿ ನೆರಳಿದ್ದ ಒಂದೇ ಕಡೆ, ತೆಂಗಿನ ಮರದ ಬುಡದಲ್ಲಿ ಸಾಲಾಗಿ ನಿಂತೆವು. ಎರಡು ನಿಮಿಷ ಹತ್ತು ಸೆಕೆಂಡು. ನನಗೋ ಹೆಮ್ಮೆ.

ಪುಟ್ಟಮ್ಮಕ್ಕ ಸೌಟು ಹಿಡಿದೇ ಬಂದರು. “ಬೆಂಕಿಗೆ ಹೆದ್ರಿ ಬಂದು ಗೊನೆ ಕೆಳ್ಗೆ ನಿಂತವ್ರಲ್ಲಾ ಸಾ! ಕಾಯಿ ಬಿದ್ರೆ?”

“ಕಾಯಿಗೆ ಮೂರು ಕಣ್ಣು ಕಣಮ್ಮ. ತಲೆ ನೋಡ್ಕಂಡು ಪಕ್ಕಕ್ಕೆ ಬೀಳುತ್ತೆ ಬುಡು,” ಎಂದರು ಹೆಡ್‌ಮೇಷ್ಟ್ರು. ನೀವು ಈ ಕಡೆಯವರಾದರೆ ಈ ಮಾತನ್ನು ಕೇಳಿಯೇ ಇರುತ್ತೀರಿ. ನಾನಂತೂ ನಂಬಿದ್ದೆ.

“ಮೂರ್ರಲ್ಲಿ ಎರಡು ಕುರುಡು ಕಣ್ರೀ ಸಾ. ನಮ್ಮೆಜಮಾನ್ರ ತೋಳಿನ ಮ್ಯಾಲೆ ಬಿದ್ದಿದ್ದೂ ಕಾಯೇಯ. ಇವತ್ಗೂ ಕೈ ಮೇಲೇಳಲ್ಲ.”

ಪುಟ್ಟಮ್ಮಕ್ಕನೇ ರಂಗೋಲಿ ಪುಡಿಯಲ್ಲಿ ಮರದ ಸುತ್ತ ದೊಡ್ಡ ವೃತ್ತ ಎಳೆದು, ಯಾರೂ ಒಳಗೆ ನಿಲ್ಲಕೂಡದು ಎಂದರು. ಮುಂದಿನ ಸಲ ಎಲ್ಲರೂ ಗೊಣಗುತ್ತ ಬಿಸಿಲಿಗೆ ಬಂದರು. ಎರಡು ನಿಮಿಷ ಐವತ್ತು ಸೆಕೆಂಡು. ಅಂದಿನ ಡೈರಿಯಲ್ಲಿ ‘ಪುಟ್ಟಮ್ಮಕ್ಕನಿಂದ ನಲವತ್ತು ಸೆಕೆಂಡು ದಂಡ’ ಎಂದು ಬರೆದಿದ್ದೇನೆ. ಓದಿದರೆ ಈಗ ನಾಚಿಕೆಯಾಗುತ್ತದೆ. ಹರಿದುಹಾಕಲು ಮನಸ್ಸು ಬಾರದು.

ಅವರ ಹೆದರಿಕೆ ದಂಡವೆಂದು ತೋರಿಸಲು, ವೃತ್ತದೊಳಗೆ ಬಿದ್ದದ್ದನ್ನೆಲ್ಲ ಒಂದು ತಿಂಗಳು ಬರೆದುಕೊಂಡೆ. ಒಣ ಗರಿ ನಾಲ್ಕು. ಅಳಿಲು ಕೊರೆದ ಬುರುಡೆ ಎರಡು. ಕಾಯಿ ಏಳು. ಏಳನೆಯದು ಬಿದ್ದದ್ದು, ಮೊದಲ ದಿನ ತಲೆ ಎಣಿಸಲು ನಾನು ಪುಸ್ತಕ ಹಿಡಿದು ನಿಂತಿದ್ದ ಕಡೆಯೇ. ನೆಲದಲ್ಲಿ ಬೊಗಸೆಯಷ್ಟು ಗುಳಿ.

ಊಟದ ಹೊತ್ತಿಗೆ ಪುಟ ತೆಗೆದುಕೊಂಡು ಹೋಗಿ, ಏಳು ಕಾಯಿ ಬಿದ್ದವು ಎಂದು ಪುಟ್ಟಮ್ಮಕ್ಕನಿಗೆ ತೋರಿಸಿದೆ. ಅವರು ಅದನ್ನು ನೋಡಲಿಲ್ಲ, ನನ್ನ ತಲೆ ಸವರಿದರು. “ಅಲ್ಲ ಕಣೇ, ನಂಬಕ್ಕೆ ನಿನ್ಗೆ ಏಳು ಕಾಯಿ ಬೇಕಾಯ್ತಾ? ನಮ್ಮೋರ ಒಂದು ತೋಳು ಸಾಲ್ದಾಯ್ತಾ?” ಎಂದು ನಕ್ಕು, ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು.

ಈ ಶಾಲೆಯ ಅಂಗಳದಲ್ಲೂ ಮೂರು ತೆಂಗಿನ ಮರಗಳಿವೆ. ಬುಡದಿಂದ ಹದಿನೈದು ಹೆಜ್ಜೆ ಆಚೆ, ಬಿಸಿಲಲ್ಲೇ, ಮಕ್ಕಳು ಸೇರುವ ಜಾಗ ಎಂದು ಬರೆದಿದ್ದೇನೆ. ಗಾಳಿಗೆ ಗರಿ ಅದಕ್ಕಿಂತ ದೂರ ಹಾರಿದ್ದನ್ನು ಕಂಡವರಿದ್ದರೆ, ಎಷ್ಟು ಹೆಜ್ಜೆ ಎಂದು ದಯವಿಟ್ಟು ಬರೆದು ತಿಳಿಸಿ. ನಿಮ್ಮ ಮಾತನ್ನು ನಂಬುತ್ತೇನೆ. ಬಿದ್ದದ್ದನ್ನು ಎಣಿಸುತ್ತ ಕೂರುವುದಿಲ್ಲ.